ನಕ್ಷಾ ಪ್ರಕ್ಷೇಪ ಮತ್ತು ನಿರ್ದೇಶಾಂಕ ವ್ಯವಸ್ಥೆ: ಕ್ಯೂಜಿಐಎಸ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಕಾಲೇಜು ವಿದ್ಯಾರ್ಥಿಗಳಿಗೆ, ಶಾಲಾ ಶಿಕ್ಷಕರಿಗೆ ಮತ್ತು ತಮ್ಮ ಊರಿನ ಬಾವಿ, ತೋಡು, ತೋಟಗಳನ್ನು ನಕ್ಷೆಗೆ ಇಳಿಸಬೇಕೆಂದು ಬಂದವರಿಗೆ ಕ್ಯೂಜಿಐಎಸ್ ತಂತ್ರಾಂಶವನ್ನು ಹೇಳಿಕೊಡುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಬಣ್ಣ ಹಾಕುವುದು, ಹೆಸರು ಬರೆಯುವುದು ಎಲ್ಲರಿಗೂ ಬೇಗ ಕೈಗೆ ಬರುತ್ತದೆ, ನಿಲ್ಲುವುದು ಪ್ರಕ್ಷೇಪದ ಬಳಿ, ಜಾಗವನ್ನು ಅಂಕಿಗಳಿಂದ ಗುರುತಿಸುವ ನಿರ್ದೇಶಾಂಕ ವ್ಯವಸ್ಥೆಯ ಬಳಿ. ನಾಲ್ಕನೆಯ ಪ್ರಶ್ನೆಯನ್ನು ಯಾರೂ ಬಿಟ್ಟು ಮುಂದೆ ಹೋಗಬಾರದು ಎಂಬುದು ನನ್ನ ಕೋರಿಕೆ, ಏಕೆಂದರೆ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಅದರಿಂದಲೇ ಹುಟ್ಟಿವೆ.

1. ಪ್ರಕ್ಷೇಪ ಎಂಬುದು ಏಕೆ ಬೇಕು? ಭೂಮಿಯನ್ನು ಇದ್ದ ಹಾಗೆಯೇ ಬಿಡಿಸಿದರೆ ಆಗುವುದಿಲ್ಲವೆ?

ಆಗುವುದಿಲ್ಲ. ಉರುಟಾದ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಕ್ರಮವೇ ಪ್ರಕ್ಷೇಪ. ನಮ್ಮ ಕಡೆ ಗದ್ದೆ ಕೆಲಸದವರು ತಲೆಗೆ ಇಡುವ ಮುಟ್ಟಾಳೆಯನ್ನು ನೆನಪಿಸಿಕೊಳ್ಳಿ. ಅಡಿಕೆಯ ಹಾಳೆ ಚಪ್ಪಟೆಯಾಗಿ ಸಿಗುತ್ತದೆ. ಅದು ತಲೆಯ ಉರುಟಿಗೆ ಕೂರಬೇಕಾದರೆ ಅಲ್ಲಲ್ಲಿ ಮಡಚಿ ಹೊಲಿಯಲೇಬೇಕು. ಚಪ್ಪಟೆಯದ್ದನ್ನು ಉರುಟು ಮಾಡಲು ಮಡಿಕೆ ಬೇಕಾದ ಹಾಗೆಯೇ ಉರುಟಾದದ್ದನ್ನು ಚಪ್ಪಟೆ ಮಾಡಲು ಎಲ್ಲಿಯಾದರೂ ಎಳೆಯಬೇಕು, ಇಲ್ಲವೇ ಕತ್ತರಿಸಬೇಕು. ಗೋಳದ ಮೇಲ್ಮೈಯನ್ನು ಅಳತೆಗಳು ಕೆಡದಂತೆ ಸಮತಲಕ್ಕೆ ಹರಡಲು ಸಾಧ್ಯವೇ ಇಲ್ಲವೆಂಬುದು ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಸಿದ್ಧವಾಗಿದೆ. ಹಾಗಾಗಿ ಪ್ರತಿಯೊಂದು ಪ್ರಕ್ಷೇಪವೂ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟುಕೊಡುತ್ತದೆ. ಮರ್ಕೇಟರ್ 1569ರಲ್ಲಿ ತನ್ನ ನಕ್ಷೆಯನ್ನು ಹಡಗಿನವರಿಗಾಗಿ ರಚಿಸಿದ; ದಿಕ್ಸೂಚಿ ತೋರಿಸುವ ಒಂದೇ ದಿಕ್ಕನ್ನು ಹಿಡಿದು ಸಾಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಅದಕ್ಕೆ ತೆತ್ತ ಬೆಲೆಯೆಂದರೆ ಧ್ರುವಗಳ ಕಡೆಗೆ ಹೋದಂತೆ ಹಿಗ್ಗುವ ವಿಸ್ತೀರ್ಣ: ಸುಮಾರು 21.7 ಲಕ್ಷ ಚದರ ಕಿಲೋಮೀಟರಿನ ಗ್ರೀನ್‌ಲ್ಯಾಂಡ್, ಸುಮಾರು 32.9 ಲಕ್ಷ ಚದರ ಕಿಲೋಮೀಟರಿನ ಭಾರತಕ್ಕಿಂತ ಎಷ್ಟೋ ದೊಡ್ಡದಾಗಿ ಅದರಲ್ಲಿ ಕಾಣಿಸುತ್ತದೆ. ಯಾವ ಪ್ರಕ್ಷೇಪ ಸರಿ ಎಂದು ಕೇಳುವುದಕ್ಕಿಂತ, ನನ್ನ ಕೆಲಸಕ್ಕೆ ಯಾವುದು ಕೆಡಬಾರದು ಎಂದು ಕೇಳಿಕೊಳ್ಳುವುದು ಒಳ್ಳೆಯದು.

2. ಅಕ್ಷಾಂಶ, ರೇಖಾಂಶ ಇರುವಾಗ ಯುಟಿಎಂ ಏಕೆ?

ಅಕ್ಷಾಂಶ ಮತ್ತು ರೇಖಾಂಶಗಳು ಕೋನಗಳು, ಉದ್ದಗಳಲ್ಲ. ಮಂಗಳೂರಿನಲ್ಲಿ ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 110.6 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108.5 ಕಿಲೋಮೀಟರ್, ಉತ್ತರಕ್ಕೆ ಹೋದಷ್ಟೂ ಎರಡನೆಯದು ಕುಗ್ಗುತ್ತದೆ. ಎರಡು ದಿಕ್ಕಿಗೆ ಎರಡು ಬೆಲೆಯಿರುವ ಮಾನದಿಂದ ಜಾಗ ಅಳೆಯಲಾಗದು. ಯುಟಿಎಂ (ಯೂನಿವರ್ಸಲ್ ಟ್ರಾನ್ಸ್‌ವರ್ಸ್ ಮರ್ಕೇಟರ್) ವ್ಯವಸ್ಥೆಯು ಭೂಮಿಯನ್ನು ಆರಾರು ಡಿಗ್ರಿಯ 60 ವಲಯಗಳಾಗಿ ಸೀಳಿ, ಪ್ರತಿ ವಲಯಕ್ಕೂ ಮೀಟರಿನಲ್ಲಿ ಎಣಿಸುವ ಚೌಕಟ್ಟನ್ನು ಕೊಡುತ್ತದೆ.

ನಮ್ಮದು 72ರಿಂದ 78 ಡಿಗ್ರಿ ಪೂರ್ವದವರೆಗಿನ 43ನೆಯ ಉತ್ತರ ವಲಯ. ಇದರ ನಡುಗೆರೆ 75 ಡಿಗ್ರಿ ಪೂರ್ವ ರೇಖಾಂಶ. ಅದು ಹಾದುಹೋಗುವುದು ಮೂಡುಬಿದಿರೆ ಮತ್ತು ಕಾರ್ಕಳ ಪಟ್ಟಣಗಳಿಗೆ ಒತ್ತಿಕೊಂಡೇ. ಮೈನಸ್ ಸಂಖ್ಯೆಗಳು ಬಾರದಿರಲೆಂದು ಆ ಗೆರೆಗೆ 5,00,000 ಮೀಟರ್ ಎಂಬ ಬೆಲೆ ಕೊಟ್ಟಿದ್ದಾರೆ. ಹಾಗಾಗಿ 12.87 ಉತ್ತರ, 74.84 ಪೂರ್ವದಲ್ಲಿರುವ ಮಂಗಳೂರಿನ ಬಿಂದುವೊಂದು ಸುಮಾರು 4,82,640 ಮೀಟರ್ ಪೂರ್ವ, 14,22,760 ಮೀಟರ್ ಉತ್ತರ ಎಂದು ಓದಿಸಿಕೊಳ್ಳುತ್ತದೆ: ನಡುಗೆರೆಯಿಂದ ಹದಿನೇಳು ಕಿಲೋಮೀಟರಿಗೆ ತುಸು ಹೆಚ್ಚು ಪಶ್ಚಿಮಕ್ಕೆ, ಭೂಮಧ್ಯರೇಖೆಯಿಂದ 1,422 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ. ಕರಾವಳಿಯವರಿಗೆ ಇದೊಂದು ಅನುಕೂಲ. ನಡುಗೆರೆಗೆ ಇಷ್ಟು ಸಮೀಪವಿರುವುದರಿಂದ ಇಲ್ಲಿ ಯುಟಿಎಂನ ಉತ್ತರ ದಿಕ್ಕು ನಿಜವಾದ ಉತ್ತರಕ್ಕಿಂತ ಹೆಚ್ಚು ಓರೆಯಾಗುವುದಿಲ್ಲ.

3. ಇಪಿಎಸ್‌ಜಿ ಸಂಖ್ಯೆ ಎಂದರೇನು?

ಪ್ರತಿಯೊಂದು ನಿರ್ದೇಶಾಂಕ ವ್ಯವಸ್ಥೆಗೂ ಕೊಟ್ಟಿರುವ ಗುರುತಿನ ಸಂಖ್ಯೆ. ಇಲ್ಲಿನ ಕೆಲಸಕ್ಕೆ ಮೂರು ನೆನಪಿದ್ದರೆ ಸಾಕು: ಮೊಬೈಲ್ ಜಿಪಿಎಸ್ ಕೊಡುವ ಅಕ್ಷಾಂಶ-ರೇಖಾಂಶಕ್ಕೆ 4326, ಮೀಟರಿನಲ್ಲಿ ಅಳೆಯಲು ಯುಟಿಎಂ 43ನೆಯ ಉತ್ತರ ವಲಯಕ್ಕೆ 32643, ಅಂತರಜಾಲದಿಂದ ಹಿನ್ನೆಲೆಯಾಗಿ ಬರುವ ನಕ್ಷೆಗಳ ವೆಬ್ ಮರ್ಕೇಟರಿಗೆ 3857. ಕ್ಯೂಜಿಐಎಸ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಪ್ರಾಜೆಕ್ಟಿನ ಸಂಖ್ಯೆ ಯಾವಾಗಲೂ ಕಾಣುತ್ತಿರುತ್ತದೆ.

4. "ಸೆಟ್ ಲೇಯರ್ ಸಿಆರ್‌ಎಸ್" ಮತ್ತು "ರಿಪ್ರೊಜೆಕ್ಟ್ ಲೇಯರ್" ಎರಡೂ ಒಂದೇ ಅಲ್ಲವೆ?

ಅಲ್ಲ, ಇವೆರಡರ ನಡುವಿನ ಅಂತರವನ್ನು ತಿಳಿದವರು ಅರ್ಧ ವಿಷಯವನ್ನು ತಿಳಿದಂತೆ. ಸಿಆರ್‌ಎಸ್ ಎಂದರೆ ನಿರ್ದೇಶಾಂಕ ವ್ಯವಸ್ಥೆ, ಲೇಯರ್ ಎಂದರೆ ನಕ್ಷೆಯ ಒಂದೊಂದು ಪದರ.

"ಉಂಡು" ಎಂಬ ಮಾತನ್ನು ತೆಗೆದುಕೊಳ್ಳಿ. ಕನ್ನಡವೆಂದು ಓದಿದರೆ ಊಟ ಮಾಡಿ ಎಂದರ್ಥ. ತುಳುವೆಂದು ಓದಿದರೆ ಇದೆ ಎಂದರ್ಥ. ಅಕ್ಷರಗಳು ಅವೇ, ಆದರೆ ಯಾವ ಭಾಷೆಯೆಂದು ಹೇಳದೆ ಅರ್ಥವಾಗುವಂತಿಲ್ಲ. ಒಬ್ಬರು ಚೀಟಿಯಲ್ಲಿ ಬರೆದ ಮಾತಿನ ಮೇಲೆ "ಇದು ತುಳು" ಎಂದು ಗುರುತು ಹಾಕುವುದು ಒಂದು ಕೆಲಸ. ಆ ತುಳು ಮಾತನ್ನು ಕನ್ನಡದಲ್ಲಿ ಹೊಸದಾಗಿ ಬರೆಯುವುದು ಬೇರೆಯೇ ಕೆಲಸ. "ಸೆಟ್ ಲೇಯರ್ ಸಿಆರ್‌ಎಸ್" ಮೊದಲನೆಯದನ್ನು ಮಾಡುತ್ತದೆ: ಕಡತದೊಳಗಿನ ಒಂದು ಅಂಕಿಯನ್ನೂ ಮುಟ್ಟದೆ, ಅವುಗಳನ್ನು ಹೇಗೆ ಓದಬೇಕೆಂದಷ್ಟೇ ಹೇಳುತ್ತದೆ. "ರಿಪ್ರೊಜೆಕ್ಟ್ ಲೇಯರ್", ಅಥವಾ ಎಕ್ಸ್‌ಪೋರ್ಟ್ ಮಾಡುವಾಗ ಬೇರೆ ಸಿಆರ್‌ಎಸ್ ಆರಿಸುವುದು, ಎರಡನೆಯದನ್ನು ಮಾಡುತ್ತದೆ: ಪ್ರತಿ ಬಿಂದುವಿನ ಅಂಕಿಗಳನ್ನು ಹೊಸ ವ್ಯವಸ್ಥೆಗೆ ಲೆಕ್ಕ ಹಾಕಿ ಹೊಸ ಕಡತವನ್ನು ಬರೆಯುತ್ತದೆ.

ನಾನು ಕಲಿಯುತ್ತಿದ್ದ ಮೊದಲ ವರ್ಷ ಕಾಪು ಕಡೆಯ ಅರವತ್ತಕ್ಕೂ ಹೆಚ್ಚು ತೆರೆದ ಬಾವಿಗಳ ಸ್ಥಾನವನ್ನು ಮೊಬೈಲಿನಲ್ಲಿ ಗುರುತಿಸಿ ತಂದಿದ್ದೆ. ಅಂಕಿಗಳು ಡಿಗ್ರಿಯಲ್ಲಿದ್ದವು. ನನಗೆ ಮೀಟರ್ ಬೇಕಿತ್ತು. ಆದ್ದರಿಂದ ಲೇಯರಿನ ಸಿಆರ್‌ಎಸ್ ಅನ್ನು 32643 ಎಂದು ಬದಲಾಯಿಸಿದೆ. ಬಾವಿಗಳೆಲ್ಲ ಪರದೆಯಿಂದ ಮಾಯವಾದವು. "ಝೂಮ್ ಟು ಲೇಯರ್" ಒತ್ತಿ ನೋಡಿದಾಗ, ಭೂಮಧ್ಯರೇಖೆಯ ಬಳಿ, ಮಾಲ್ಡೀವ್ಸ್‌ನ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದ ನಡುವೆ ಅಷ್ಟೂ ಬಾವಿಗಳು ಅಂಗೈಯಗಲದ ಜಾಗದಲ್ಲಿ ಒತ್ತೊತ್ತಾಗಿ ಕೂತಿದ್ದವು. ತಂತ್ರಾಂಶ ನನ್ನ ಮಾತನ್ನು ಅಕ್ಷರಶಃ ಪಾಲಿಸಿತ್ತು: 74.75 ಡಿಗ್ರಿಯನ್ನು 74.75 ಮೀಟರ್ ಎಂದೂ 13.22 ಡಿಗ್ರಿಯನ್ನು 13.22 ಮೀಟರ್ ಎಂದೂ ಓದಿತ್ತು. ಸರಿಯಾದ ದಾರಿಯೆಂದರೆ ಲೇಯರ್ 4326ರಲ್ಲಿದೆ ಎಂಬ ಗುರುತನ್ನು ಹಾಗೆಯೇ ಉಳಿಸಿ, ಅದನ್ನು 32643ಕ್ಕೆ ರಿಪ್ರೊಜೆಕ್ಟ್ ಮಾಡಿ ಹೊಸ ಕಡತವಾಗಿ ಉಳಿಸಿಕೊಳ್ಳುವುದು.

ಹಾಗಾದರೆ "ಸೆಟ್ ಲೇಯರ್ ಸಿಆರ್‌ಎಸ್" ಯಾವಾಗ ಬೇಕು? ಕಡತಕ್ಕೆ ಗುರುತೇ ಇಲ್ಲದಿದ್ದಾಗ, ಅಥವಾ ತಪ್ಪು ಗುರುತು ಇದೆಯೆಂದು ಖಚಿತವಾಗಿ ಗೊತ್ತಿದ್ದಾಗ ಮಾತ್ರ. ಶೇಪ್‌ಫೈಲ್ ಎಂಬ ನಕ್ಷಾ ಕಡತದ ಜೊತೆಗಿರುವ, ಸಿಆರ್‌ಎಸ್ ಗುರುತನ್ನು ಹೊತ್ತ "ಪಿಆರ್‌ಜೆ" ಕಡತವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಯಾರಾದರೂ ಕಳುಹಿಸಿದಾಗ ಇಂಥ ಸಂದರ್ಭ ಬರುತ್ತದೆ. ಆಗ ಊಹೆಯಿಂದ ಸಂಖ್ಯೆ ತುಂಬದೆ, ಕಳುಹಿಸಿದವರನ್ನು ಕೇಳಿ ತಿಳಿದುಕೊಳ್ಳಿ.

5. ಲೇಯರಿನ ಸಿಆರ್‌ಎಸ್ ಒಂದು, ಪ್ರಾಜೆಕ್ಟಿನದು ಇನ್ನೊಂದು ಇದ್ದರೆ ತೊಂದರೆಯೆ?

ನೋಡುವುದಕ್ಕೆ ತೊಂದರೆಯಿಲ್ಲ, ಪ್ರತಿ ಲೇಯರನ್ನೂ ಪ್ರಾಜೆಕ್ಟಿನ ವ್ಯವಸ್ಥೆಗೆ ಆ ಕ್ಷಣಕ್ಕೆ ಹೊಂದಿಸಿ ಕ್ಯೂಜಿಐಎಸ್ ತೋರಿಸುತ್ತದೆ. ಆದರೆ ಬಫರ್‌ನಂಥ (ಒಂದು ವಸ್ತುವಿನ ಸುತ್ತ ಇಂತಿಷ್ಟು ದೂರದವರೆಗಿನ ಪಟ್ಟಿ ಎಳೆಯುವ) ಉಪಕರಣಗಳು ಪರದೆಯಲ್ಲಿ ಕಾಣುವುದನ್ನಲ್ಲ, ಲೇಯರಿನ ಸ್ವಂತ ಅಂಕಿಗಳನ್ನೇ ಬಳಸುತ್ತವೆ. ಲೆಕ್ಕಕ್ಕೆ ಇಳಿಯುವ ಮೊದಲು ಬೇಕಾದ ಎಲ್ಲ ಲೇಯರ್‌ಗಳನ್ನೂ ಒಂದೇ ವ್ಯವಸ್ಥೆಗೆ ತಂದುಕೊಳ್ಳಿ.

6. ನಮ್ಮ ಒಂದು ಎಕರೆ ತೋಟ ತಂತ್ರಾಂಶದಲ್ಲಿ 106 ಸೆಂಟ್ಸ್ ಎಂದು ಬಂತು. ಹೆಚ್ಚಿನ ಆರು ಸೆಂಟ್ಸ್ ಎಲ್ಲಿಂದ ಬಂತು?

ವೆಬ್ ಮರ್ಕೇಟರಿನಿಂದ. ಉಪಗ್ರಹ ಚಿತ್ರವನ್ನು ಹಿನ್ನೆಲೆಗೆ ಹಾಕಿ, ಅದರದೇ 3857 ವ್ಯವಸ್ಥೆಯಲ್ಲಿ ತೋಟದ ಗಡಿ ಎಳೆದು, ಸಮತಲದ ಲೆಕ್ಕದಲ್ಲಿ ವಿಸ್ತೀರ್ಣ ಕೇಳಿದಾಗ ಹೀಗಾಗುತ್ತದೆ. ಈ ಪ್ರಕ್ಷೇಪ ಮಂಗಳೂರಿನ ಅಕ್ಷಾಂಶದಲ್ಲಿ ಪೂರ್ವ-ಪಶ್ಚಿಮದ ಉದ್ದವನ್ನು ಶೇ. 2.6ರಷ್ಟು, ಉತ್ತರ-ದಕ್ಷಿಣದ ಉದ್ದವನ್ನು ಶೇ. 3.2ರಷ್ಟು ಹಿಗ್ಗಿಸುತ್ತದೆ, ಎರಡನ್ನೂ ಗುಣಿಸಿದರೆ ವಿಸ್ತೀರ್ಣ ಸುಮಾರು ಶೇ. 6ರಷ್ಟು ಹೆಚ್ಚುತ್ತದೆ. ನೂರು ಸೆಂಟ್ಸ್ 106 ಆಗುವುದು ಈ ಲೆಕ್ಕದಿಂದ. ಜಾಗದ ಬೆಲೆ ಸೆಂಟ್ಸಿನ ಮೇಲೆ ನಿಂತಿರುವ ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ತಪ್ಪಲ್ಲ. ಅಣ್ಣ-ತಮ್ಮಂದಿರ ನಡುವೆ ಮಾತು ಬೆಳೆಯಲು ಅಷ್ಟೇ ಸಾಕು.

ಅದೇ ಗಡಿಯನ್ನು 32643ಕ್ಕೆ ತಂದು ಅಳೆಯಿರಿ. ಯುಟಿಎಂ ಕೂಡ ಪೂರ್ತಿ ನಿಖರವಲ್ಲ: ವಲಯದ ಅಂಚಿನಲ್ಲಿ ಹಿಗ್ಗು ಹೆಚ್ಚಾಗದಿರಲೆಂದು ನಡುಗೆರೆಯ ಮೇಲೆ ಉದ್ದವನ್ನು ಬೇಕೆಂದೇ 0.9996ರಷ್ಟಕ್ಕೆ ಕುಗ್ಗಿಸಿದ್ದಾರೆ. ಅಂದರೆ ನಮ್ಮ ಕಡೆ ಒಂದು ಕಿಲೋಮೀಟರಿಗೆ 40 ಸೆಂಟಿಮೀಟರ್, 4,047 ಚದರ ಮೀಟರಿನ ಒಂದು ಎಕರೆಗೆ ಸುಮಾರು 3.2 ಚದರ ಮೀಟರ್ ಕಡಿಮೆ ಬರುತ್ತದೆ. ಒಂದು ಸೆಂಟ್ ಎಂದರೆ 40.47 ಚದರ ಮೀಟರ್. ಹಾಗಾಗಿ ಎಕರೆಗೆ ಹತ್ತನೇ ಒಂದು ಸೆಂಟ್ ಕೂಡ ವ್ಯತ್ಯಾಸವಿಲ್ಲ.

ಇನ್ನೊಂದು ದಾರಿಯೂ ಇದೆ. ಅಳೆಯುವ ಉಪಕರಣದಲ್ಲಿ "ಎಲಿಪ್ಸಾಯ್ಡಲ್" ಆರಿಸಿದರೆ ಪ್ರಕ್ಷೇಪವನ್ನು ಬದಿಗಿಟ್ಟು ಭೂಮಿಯ ಬಾಗಿದ ಮೇಲ್ಮೈಯ ಮೇಲೆಯೇ ಲೆಕ್ಕ ನಡೆಯುತ್ತದೆ. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಡಾಲರ್ ಚಿಹ್ನೆಯಿಂದ ಆರಂಭವಾಗುವ ಏರಿಯಾ ಕೊಡುವುದು ಪ್ರಾಜೆಕ್ಟಿಗೆ ಆರಿಸಿರುವ ಎಲಿಪ್ಸಾಯ್ಡಿನ, ಅಂದರೆ ಭೂಮಿಯ ತುಸು ಚಪ್ಪಟೆಯಾದ ಗೋಳಾಕಾರದ, ಮೇಲಿನ ವಿಸ್ತೀರ್ಣವನ್ನು. ಆವರಣದೊಳಗೆ ಜಿಯೋಮೆಟ್ರಿಯನ್ನು ಬರೆದು ಕೇಳುವ ಏರಿಯಾ ಕೊಡುವುದು ಲೇಯರಿನ ಸಮತಲದ ಲೆಕ್ಕವನ್ನು. ಒಂದೇ ತೋಟಕ್ಕೆ ಎರಡು ಉತ್ತರ ಬಂದರೆ ಗಾಬರಿಯಾಗದೆ, ಯಾವುದನ್ನು ಕೇಳಿದ್ದೀರಿ ಎಂದು ನೋಡಿ.

7. ಭರತರೇಖೆಯಿಂದ 500 ಮೀಟರಿನ ಬಫರ್ ಹಾಕಿದರೆ ಇಡೀ ಪ್ರಪಂಚವೇ ಮುಚ್ಚಿಹೋಗುತ್ತದೆ. ಏಕೆ?

ಕರಾವಳಿ ನಿಯಂತ್ರಣ ವಲಯದ ನಿಯಮಗಳು ಸಮುದ್ರದ ಭರತರೇಖೆಯಿಂದ ಒಳನಾಡಿನ ಕಡೆಗೆ 500 ಮೀಟರನ್ನು ಲೆಕ್ಕ ಹಿಡಿಯುವುದರಿಂದ ಉಳ್ಳಾಲ, ಪಣಂಬೂರು, ಮಲ್ಪೆ ಕಡೆಯ ವಿದ್ಯಾರ್ಥಿಗಳೆಲ್ಲ ಈ ಅಭ್ಯಾಸವನ್ನು ಮಾಡಿಯೇ ಮಾಡುತ್ತಾರೆ. ಲೇಯರ್ 4326ರಲ್ಲಿದ್ದರೆ ಅದರ ಮಾನ ಡಿಗ್ರಿ. ನೀವು ಕೊಟ್ಟ 500 ಎಂಬುದು 500 ಡಿಗ್ರಿಯಾಗುತ್ತದೆ. 500 ಮೀಟರನ್ನು ಡಿಗ್ರಿಗೆ ತಿರುಗಿಸಿ 0.0045 ಎಂದು ತುಂಬುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಎರಡು ದಿಕ್ಕಿನ ಡಿಗ್ರಿಗೆ ಎರಡು ಉದ್ದವಿರುವಾಗ ಆ ಬಫರ್ ಸಮನಾಗಿ ಬರುವುದಿಲ್ಲ. ಮೊದಲು 32643ಕ್ಕೆ ರಿಪ್ರೊಜೆಕ್ಟ್, ಆಮೇಲೆ ಬಫರ್.

8. ಎಕ್ಸೆಲ್ ಪಟ್ಟಿಯಿಂದ ತಂದ ಬಿಂದುಗಳು ಸಮುದ್ರದಲ್ಲಿ ಬೀಳುತ್ತಿವೆ. ಏನು ಮಾಡಲಿ?

ಯಾವ ಸಮುದ್ರ ಎಂದು ಮೊದಲು ನೋಡಿ. ಬಿಂದು ಬಿದ್ದ ಜಾಗವೇ ತಪ್ಪನ್ನು ಹೇಳುತ್ತದೆ. ನಾರ್ವೆಗೂ ಅದರ ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಸಮುದ್ರದಲ್ಲಿದ್ದರೆ ಅಕ್ಷಾಂಶ-ರೇಖಾಂಶಗಳು ಅದಲುಬದಲಾಗಿವೆ: 12.87 ಉತ್ತರ, 74.84 ಪೂರ್ವ ಎಂಬುದು 74.84 ಉತ್ತರ, 12.87 ಪೂರ್ವವಾಗಿದೆ. ಮಾತಿನಲ್ಲಿ ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ಆದರೆ ತಂತ್ರಾಂಶದ ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಮಾಲ್ಡೀವ್ಸ್ ಕಡೆ ಭೂಮಧ್ಯರೇಖೆಯ ಬಳಿ ಬಿದ್ದಿದ್ದರೆ ನಾಲ್ಕನೆಯ ಪ್ರಶ್ನೆಗೆ ಮರಳಿ. ಮನೆಗೆ ಸಮೀಪವಾಗಿ, ಕಾಸರಗೋಡಿನ ನೇರಕ್ಕೆ ಅರಬ್ಬೀ ಸಮುದ್ರದಲ್ಲಿ ಬಿದ್ದಿದ್ದರೆ ಮಿನಿಟುಗಳನ್ನು ದಶಮಾಂಶವೆಂದು ಬರೆದಿದ್ದೀರಿ. 12 ಡಿಗ್ರಿ 52 ಮಿನಿಟು ಎಂಬುದು 12.52 ಅಲ್ಲ, 52ನ್ನು 60ರಿಂದ ಭಾಗಿಸಬೇಕು, ಆಗ 12.867 ಬರುತ್ತದೆ. ಈ ಒಂದು ತಪ್ಪಿನಿಂದ ಮಂಗಳೂರು 38 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ನೆಲದ ಮೇಲೆಯೇ ಬೀಳುವಷ್ಟು ಸಣ್ಣ ತಪ್ಪುಗಳು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅವು ಕಣ್ಣಿಗೆ ಬೀಳುವುದಿಲ್ಲ.

9. ಹಳೆಯ ಸ್ಥಳಾಕೃತಿ ನಕ್ಷೆಗೆ "ಕಲ್ಯಾಣಪುರ ಡೇಟಮ್" ಎನ್ನುತ್ತಾರೆ. ಇದು ನಮ್ಮ ಉಡುಪಿಯ ಕಲ್ಯಾಣಪುರವೆ?

ಡೇಟಮ್ ಎಂದರೆ ಭೂಮಿಯ ಆಕಾರವನ್ನೂ ಮೂಲಬಿಂದುವನ್ನೂ ನಿಗದಿ ಮಾಡಿಕೊಂಡ ಅಳತೆಯ ಆಧಾರ. ಅದರ ಹೆಸರಿನಲ್ಲಿರುವುದು ಸ್ವರ್ಣಾ ನದಿಯ ದಡದ ನಮ್ಮ ಕಲ್ಯಾಣಪುರವಲ್ಲ. ಇದು ಮಧ್ಯಪ್ರದೇಶದ ಸಿರೋಂಜ್ ಬಳಿಯ ಕಲ್ಯಾಣಪುರ; ಭಾರತದ ಭೂಮಾಪನಕ್ಕೆ ಮೂಲಬಿಂದುವಾದ ಜಾಗ. ಆದರೂ ಆ ಮಾಪನದ ಕಥೆಯಲ್ಲಿ ನಮ್ಮ ಊರಿಗೂ ಪಾಲಿದೆ. ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮೊದಲ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸಾಲನ್ನು ಹೆಣೆಯುತ್ತ ಪಶ್ಚಿಮಕ್ಕೆ ಮಂಗಳೂರಿನವರೆಗೆ ತಂದ. ಹಳೆಯ ನಕ್ಷೆಗಳಲ್ಲಿ 400 ಮೈಲಿ ಎಂದಿದ್ದ ಪರ್ಯಾಯ ದ್ವೀಪದ ಅಗಲ ನಿಜದಲ್ಲಿ ಸುಮಾರು 360 ಮೈಲಿ ಮಾತ್ರ ಎಂದು ಆಗ ತಿಳಿಯಿತು. ತಪ್ಪು ನಿರ್ದೇಶಾಂಕದಿಂದ 40 ಮೈಲಿ ಅಗಲದ ಇಲ್ಲದ ನೆಲ ನಕ್ಷೆಯಲ್ಲಿ ಕುಳಿತಿತ್ತು ಎಂಬುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಇಂದಿಗೂ ಬೆರಗಾಗುತ್ತದೆ.

ಲ್ಯಾಂಬ್ಟನ್‌ನ ನಂತರ ಆ ಕೆಲಸವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ಭೂಮಿಯ ಆಕಾರಕ್ಕೆ 1830ರಲ್ಲಿ ಕೊಟ್ಟ ಅಳತೆಯ ಮೇಲೆ ಭಾರತದ ಹಳೆಯ ನಕ್ಷೆಗಳು ನಿಂತಿವೆ. ಎವರೆಸ್ಟನ ಭೂಮಿಯ ಅರ್ಧವ್ಯಾಸ ಭೂಮಧ್ಯರೇಖೆಯಲ್ಲಿ ಸುಮಾರು 6,377.3 ಕಿಲೋಮೀಟರ್, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ರಲ್ಲಿ ಅದು 6,378.137. ಎರಡರ ಕೇಂದ್ರಗಳೂ ಒಂದೇ ಜಾಗದಲ್ಲಿಲ್ಲ. ಹಾಗಾಗಿ ಹಳೆಯ ನಕ್ಷೆಯ ಅಕ್ಷಾಂಶ-ರೇಖಾಂಶವನ್ನು ಡಬ್ಲ್ಯುಜಿಎಸ್ 84 ಎಂದು ಓದಿದರೆ ನಮ್ಮ ಕರಾವಳಿಯಲ್ಲಿ ನೂರು ಮೀಟರಿಗೂ ಮೀರಿದ ತಪ್ಪು ಬರುತ್ತದೆ. ನೇತ್ರಾವತಿಯ ದಡದ ಮನೆ ನದಿಯ ನಡುವೆ ಹೋಗಿ ಕೂರಲು ಅಷ್ಟು ಸಾಕು. ಸ್ಕ್ಯಾನ್ ಮಾಡಿದ ಹಾಳೆಯನ್ನು ಜಿಯೋರೆಫರೆನ್ಸ್ ಮಾಡುವಾಗ, ಅಂದರೆ ಅದರ ನಿಜವಾದ ಜಾಗಕ್ಕೆ ಕೂರಿಸುವಾಗ, ಮೊದಲು ಕಲ್ಯಾಣಪುರ 1975, ಅಂದರೆ 4146 ಎಂದು ಗುರುತಿಸಿ, ಆಮೇಲೆ ರಿಪ್ರೊಜೆಕ್ಟ್ ಮಾಡಿ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿ ಬಂದ ಸರ್ವೆ ಆಫ್ ಇಂಡಿಯಾದ ಮುಕ್ತ ಸರಣಿಯ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ. ಅವುಗಳಿಗೆ ಈ ಹೆಜ್ಜೆ ಬೇಡ.

ಹಾಳೆ ಹುಡುಕುವವರಿಗೆ ಒಂದು ಮಾತು: ಹಳೆಯ ಕ್ರಮದಲ್ಲಿ ಮಂಗಳೂರು 48 ಎಲ್/13ರಲ್ಲಿದೆ. ಉಡುಪಿ ನಗರದ ಮೇಲೆಯೇ 74 ಡಿಗ್ರಿ 45 ಮಿನಿಟಿನ ಗೆರೆ ಹಾದುಹೋಗುವುದರಿಂದ ಊರು 48 ಕೆ/11 ಮತ್ತು 48 ಕೆ/15 ಎಂಬ ಎರಡು ಹಾಳೆಗಳಿಗೆ ಹಂಚಿಹೋಗಿದೆ.

10. ಕಡಲ ಕಿನಾರೆಯಲ್ಲಿ ನಿಂತಾಗ ಜಿಪಿಎಸ್ ಎತ್ತರವನ್ನು ಮೈನಸ್ ಎಂಬತ್ತಕ್ಕೂ ಕೆಳಗೆ ತೋರಿಸಿತು. ಕೆಟ್ಟಿದೆಯೆ?

ಕೆಟ್ಟಿಲ್ಲ. ಅದು ಅಳೆಯುತ್ತಿರುವುದು ಸಮುದ್ರಮಟ್ಟದಿಂದಲ್ಲ, ಡಬ್ಲ್ಯುಜಿಎಸ್ 84ರ ನುಣುಪಾದ ಗಣಿತದ ಮೇಲ್ಮೈಯಿಂದ. ಗುರುತ್ವದ ಏರುಪೇರಿನಿಂದ ದಕ್ಷಿಣ ಭಾರತದ ಸುತ್ತಿನ ಸಮುದ್ರಮಟ್ಟ ಆ ಮೇಲ್ಮೈಗಿಂತ ಬಹಳ ಕೆಳಗಿದೆ. ನಕ್ಷೆಗಳಲ್ಲಿ ಬರೆಯುವ ಎತ್ತರವಾದರೋ ಸರಾಸರಿ ಸಮುದ್ರಮಟ್ಟದಿಂದ ಎಣಿಸಿದ್ದು. ಭಾರತದ ಆ ಮಟ್ಟವನ್ನು ನಿಗದಿ ಮಾಡಿದ ಭರತ-ಇಳಿತ ವೀಕ್ಷಣಾ ಕೇಂದ್ರಗಳಲ್ಲಿ ನಮ್ಮ ಕಾರವಾರವೂ ಒಂದು. ನೆರೆನೀರಿನ ನಕ್ಷೆ ಮಾಡುವವರು ಈ ಎರಡು ಎತ್ತರಗಳನ್ನು ಎಂದೂ ಬೆರೆಸಬಾರದು.

11. ಎಫ್‌ಎಂಬಿ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಬಹುದೆ?

ಎಫ್‌ಎಂಬಿ ಎಂದರೆ ಭೂಮಾಪನ ಇಲಾಖೆಯ ಕ್ಷೇತ್ರ ಅಳತೆ ಪುಸ್ತಕ (ಫೀಲ್ಡ್ ಮೆಷರ್‌ಮೆಂಟ್ ಬುಕ್). ಅದರ ನಕ್ಷೆಯನ್ನು ಕೂರಿಸಬಹುದು, ಆದರೆ ಅದರಲ್ಲಿ ಅಕ್ಷಾಂಶ-ರೇಖಾಂಶ ಇರುವುದಿಲ್ಲ. ಇರುವುದು ಗಡಿಕಲ್ಲುಗಳ ನಡುವಿನ ಅಳತೆ ಮಾತ್ರ. ಸ್ಥಳಕ್ಕೆ ಹೋಗಿ, ಗುರುತು ಸಿಗುವ ನಾಲ್ಕಾರು ಕಲ್ಲುಗಳ ಸ್ಥಾನವನ್ನು ತೆಗೆದುಕೊಂಡು, ಪ್ರಾಜೆಕ್ಟನ್ನು 32643ರಲ್ಲಿ ಇಟ್ಟು ಹೊಂದಿಸಬೇಕು. ಕಲ್ಲುಗಳ ನಡುವಿನ ಉದ್ದ ಎಫ್‌ಎಂಬಿಯ ಅಳತೆಗೆ ತಾಳೆಯಾಗದಿದ್ದರೆ ನಕ್ಷೆಯನ್ನು ಎಳೆದು ಸರಿಮಾಡಬೇಡಿ; ಕಲ್ಲನ್ನು ಮತ್ತೆ ಹುಡುಕಿ. ಹೀಗೆ ಮಾಡಿದ ನಕ್ಷೆ ನಿಮ್ಮ ತಿಳಿವಳಿಕೆಗಷ್ಟೇ. ಗಡಿ ಗುರುತಿಸುವ ಅಧಿಕಾರ ಸರ್ಕಾರಿ ಭೂಮಾಪಕರದು. ತೆಂಗು, ಅಡಿಕೆಯ ದಟ್ಟ ನೆರಳಿನಲ್ಲಿ ಮೊಬೈಲಿನ ಜಿಪಿಎಸ್ ಹಲವು ಮೀಟರ್ ಆಚೀಚೆ ಹೋಗುತ್ತದೆ ಎಂಬುದೂ ನೆನಪಿರಲಿ.

12. ಇಡೀ ಕರ್ನಾಟಕದ ನಕ್ಷೆಗೂ 32643 ಸಾಕೆ?

ರಾಜ್ಯದ ಬಹುಭಾಗ 43ನೆಯ ವಲಯದಲ್ಲಿದೆ. ಕೋಲಾರ, ಮುಳಬಾಗಿಲು ಕಡೆ 78 ಡಿಗ್ರಿಯನ್ನು ದಾಟಿ 44ನೆಯ ವಲಯಕ್ಕೆ ಸೇರುತ್ತದೆ. ತೋರಿಸಲು ಮಾತ್ರವಾದರೆ 32643 ಸಾಕು. ಜಿಲ್ಲೆಗಳ ವಿಸ್ತೀರ್ಣವನ್ನು ಹೋಲಿಸುವುದಾದರೆ ಸಮವಿಸ್ತೀರ್ಣ ಪ್ರಕ್ಷೇಪವನ್ನು ಆರಿಸಿ. ದೇಶದ ಮಟ್ಟದ ಕೆಲಸಕ್ಕೆ 80 ಡಿಗ್ರಿ ಪೂರ್ವವನ್ನು ನಡುಗೆರೆಯಾಗಿ ಇಟ್ಟುಕೊಂಡ ಲ್ಯಾಂಬರ್ಟ್ ಶಂಕು ಪ್ರಕ್ಷೇಪ 7755 ಎಂಬ ಸಂಖ್ಯೆಯಲ್ಲಿ ಸಿಗುತ್ತದೆ.

13. ಮನೆಯಲ್ಲೇ ಅಭ್ಯಾಸ ಮಾಡಲು ಏನಾದರೂ ಸಣ್ಣ ಕೆಲಸ ಕೊಡುವಿರಾ?

ಎರಡು ಬಿಂದುಗಳನ್ನು ಪಟ್ಟಿಯಲ್ಲಿ ಬರೆದುಕೊಳ್ಳಿ: ಮಂಗಳೂರಿಗೆ 12.87, 74.84, ಉಡುಪಿಗೆ 13.34, 74.75. ಇವನ್ನು 4326 ಎಂದು ಗುರುತಿಸಿ ತೆರೆಯಿರಿ, ಎರಡನ್ನೂ ಒಂದು ಗೆರೆಯಿಂದ ಸೇರಿಸಿ, ಆ ಗೆರೆಯನ್ನು 32643ಕ್ಕೂ 3857ಕ್ಕೂ ರಿಪ್ರೊಜೆಕ್ಟ್ ಮಾಡಿ ಬೇರೆ ಬೇರೆ ಕಡತಗಳಾಗಿ ಉಳಿಸಿ. ಈಗ ಸಮತಲದ ಲೆಕ್ಕದಲ್ಲಿ ಉದ್ದ ಕೇಳಿದರೆ ಯುಟಿಎಂ ಸುಮಾರು 52.88 ಕಿಲೋಮೀಟರ್ ಎನ್ನುತ್ತದೆ, ವೆಬ್ ಮರ್ಕೇಟರ್ ಸುಮಾರು 54.65 ಎನ್ನುತ್ತದೆ, 4326ರ ಗೆರೆ ಅರ್ಧ ಡಿಗ್ರಿಗಿಂತ ತುಸು ಕಡಿಮೆ ಎನ್ನುತ್ತದೆ. ಎಲಿಪ್ಸಾಯ್ಡಿನ ಮೇಲೆ ಅಳೆದ ನಿಜವಾದ ದೂರ ಸುಮಾರು 52.90 ಕಿಲೋಮೀಟರ್. ನಿಮ್ಮ ಉತ್ತರ ಇದಕ್ಕಿಂತ ಬಹಳ ಬೇರೆಯಾಗಿ ಬಂದರೆ, ಯಾವುದೋ ಕಡತದಲ್ಲಿ ರಿಪ್ರೊಜೆಕ್ಟ್ ಮಾಡುವ ಬದಲು ಗುರುತನ್ನು ಮಾತ್ರ ಬದಲಾಯಿಸಿದ್ದೀರಿ. ಆ ಕಡತವನ್ನು ಅಳಿಸಿ, 4326ರ ಮೂಲದಿಂದ ಮತ್ತೆ ಆರಂಭಿಸಿ.